ವಿದ್ಯೆಯಲ್ಲಿ ಸಹಪಾಠಿಯ ಪಾಲು

ನಮ್ಮ ಮಂಗಸೂಳಿಯು ಕರ್ನಾಟಕದ ಅಂಚಿನಲ್ಲಿರುವ ಊರು. ಇಲ್ಲಿಯ ಖಂಡೋಬಾ ದೇವರ ದರ್ಶನಕ್ಕೆ ಕನ್ನಡಿಗರೂ ಮರಾಠಿಗರೂ ಬಂದು, ಒಂದೇ ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಹೋಗುವರು. ಇಂಥ ಊರುಗಳಲ್ಲಿ ಜನರಂತೆಯೇ ಶಬ್ದಗಳೂ ಗಡಿಯನ್ನು ದಾಟಿ ಓಡಾಡುವವು. ಗಡಿಯಾಚೆಯ ಮರಾಠಿ ಶಾಲೆಗಳಲ್ಲಿ ಪರೀಕ್ಷೆಯ ಅಂಕಗಳಿಗೆ ಗುಣಗಳೆಂದೇ ಹೆಸರು. ಆದಕಾರಣ ಮಗುವಿನ ಗುಣ ಹೇಗಿರುವದೆಂದು ಕೇಳಿದರೆ, ಆಚೆಯ ಗೃಹಸ್ಥನು ಗಣಿತದಲ್ಲಿ ನೂರಕ್ಕೆ ಎಷ್ಟು ಬಂದವೆಂಬದನ್ನು ಹೇಳುವನು. ಈಚೆಯವನು ಮಗುವಿನ ನಡತೆಯನ್ನು ಹೇಳಬೇಕು. ಆದರೆ ಇತ್ತೀಚೆಗೆ ನಾವು ಕಾಣುವ ಮಟ್ಟಿಗೆ ಎರಡೂ ಕಡೆಯವರು ಗಣಿತದ ಲೆಕ್ಕವನ್ನೇ ಹೇಳುತ್ತಿರುವರು. ನಡತೆಯ ಮಾತನ್ನು ಯಾರೂ ಎತ್ತುವದಿಲ್ಲ. ಎತ್ತಿದರೂ ಸ್ವಲ್ಪ ಮರುಕದ ದನಿಯಲ್ಲಿ, ‘ಪಾಪ, ಬಹಳ ಒಳ್ಳೆಯವನು, ಭೋಳೆ’ ಎಂದು ಮುಗಿಸಿಬಿಡುವರು.

ವಾಚಕ ಮಹಾಶಯರೇ, ಈ ಮರುಕದ ದನಿಯನ್ನು ಕುರಿತೇ ನಾವು ಇಂದು ನಾಲ್ಕು ಮಾತು ಬರೆಯಬೇಕೆಂದಿರುವೆವು. ಒಳ್ಳೆಯ ಮಗುವು ಹಿಂದೆ ಬೀಳುವದು, ತನ್ನದನ್ನು ತಾನು ನೋಡಿಕೊಳ್ಳುವ ಮಗುವು ಮುಂದೆ ಬರುವದು ಎಂಬ ನಂಬಿಕೆಯು ನಮ್ಮ ಮನೆಗಳಲ್ಲಿ ಮೆಲ್ಲನೆ ಬೇರೂರುತ್ತಿದೆ. ಜೂನ ತಿಂಗಳಲ್ಲಿ ಹೊಸ ವಹಿ, ಹೊಸ ದಫ್ತರಗಳನ್ನು ಕೊಡಿಸುವಾಗ ತಂದೆತಾಯಿಗಳು ಮಕ್ಕಳಿಗೆ ಎರಡು ಉಪದೇಶಗಳನ್ನು ಮಾಡುವರು: ಚೆನ್ನಾಗಿ ಓದು, ಎಲ್ಲರೊಡನೆ ಹೊಂದಿಕೊಂಡಿರು. ಆದರೆ ಪರೀಕ್ಷೆಯು ಸಮೀಪಿಸಿದಂತೆ ಮೂರನೆಯದೊಂದು ಉಪದೇಶವು ಸಣ್ಣ ದನಿಯಲ್ಲಿ ಹೊರಡುವದು: ನಿನ್ನ ವಹಿಯನ್ನು ಯಾರಿಗೂ ಕೊಡಬೇಡ, ನಿನಗೆ ತಿಳಿದದ್ದನ್ನು ಯಾರಿಗೂ ಹೇಳಬೇಡ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಕನ್ನಡಗಳನ್ನು ಕಲಿಸಿ ಈಗ ಮನೆಯ ಕಟ್ಟೆಯ ಮೇಲೆ ಕುಳಿತಿರುವ ನಮಗೆ, ಈ ಮೂರನೆಯ ಉಪದೇಶವು ಮೊದಲಿನ ಎರಡನ್ನೂ ಕೆಡಿಸುವದೆಂದು ತೋರುತ್ತದೆ. ಅದು ಹೇಗೆಂಬದನ್ನು ವಿವರಿಸುವೆವು.

ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಗುರುಗಳ ಬಾಯಲ್ಲಿ ಒಂದು ಹಳೆಯ ಲೆಕ್ಕವಿತ್ತು. ವಿದ್ಯೆಯನ್ನು ನಾಲ್ಕು ಪಾಲು ಮಾಡಿದರೆ, ಒಂದು ಗುರುವಿನಿಂದ ಬರುವದು, ಒಂದು ತನ್ನ ಬುದ್ಧಿಯಿಂದ ಹುಟ್ಟುವದು, ಒಂದು ಜೊತೆಗೆ ಓದುವವರಿಂದ ದೊರೆಯುವದು, ಉಳಿದದ್ದು ಕಾಲವು ಕಳೆದಂತೆ ತಾನಾಗಿ ಪಕ್ವವಾಗುವದು ಎಂದು. ಜೊತೆಗೆ ಓದುವವರಿಗೆ ಸಂಸ್ಕೃತದಲ್ಲಿ ಸಬ್ರಹ್ಮಚಾರಿಗಳೆಂದು ಹೆಸರು. ಗುರುವಿಗೆ ಕೊಟ್ಟಷ್ಟೇ ಪಾಲನ್ನು ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತ ಹುಡುಗನಿಗೂ ಕೊಟ್ಟಿರುವ ಈ ಲೆಕ್ಕವು ಆಗ ನಮಗೆ ವಿನೋದವಾಗಿ ತೋರಿತ್ತು. ತಾವೇ ಗುರುಸ್ಥಾನದಲ್ಲಿ ನಿಂತ ಮೇಲೆ, ಲೆಕ್ಕ ಮಾಡಿದವರು ಶಾಲೆಯನ್ನು ಚೆನ್ನಾಗಿ ಬಲ್ಲವರೆಂದು ತಿಳಿಯಿತು.

ಉದಾಹರಣೆಗೆ ಒಂದು ಸಂಗತಿ. ರಾಮ ಶಬ್ದದ ತೃತೀಯೆಯು ‘ರಾಮೇಣ’. ದೇವ ಶಬ್ದದ್ದು ‘ದೇವೇನ’. ಮಕ್ಕಳು ಎರಡನ್ನೂ ಬಾಯಿಪಾಠ ಮಾಡುವರು, ಪರೀಕ್ಷೆಯಲ್ಲಿ ಬರೆಯುವರು, ಅಂಕ ಪಡೆಯುವರು. ನಮ್ಮ ವರ್ಗದ ಚುರುಕಾದ ಒಬ್ಬ ಹುಡುಗನು ಹಿಂದುಳಿದ ಗೆಳೆಯನೊಬ್ಬನಿಗೆ ಇವುಗಳನ್ನು ಹೇಳಿಕೊಡುತ್ತಿದ್ದಾಗ, ಆ ಗೆಳೆಯನು ಅಲ್ಲಿ ‘ಣ’ ಬಂದು ಇಲ್ಲಿ ‘ನ’ ಏಕೆ ಉಳಿಯಿತೆಂದು ಕೇಳಿಬಿಟ್ಟನು. ಬಾಯಿಪಾಠ ಮಾಡಿದವನಿಗೆ ಉತ್ತರವು ಹೊಳೆಯಲಿಲ್ಲ. ಇಬ್ಬರೂ ನಮ್ಮ ಬಳಿಗೆ ಬಂದರು. ಹಿಂದೆ ರೇಫವಿದ್ದರೆ ಅದರ ಬಲದಿಂದ ಮುಂದಿನ ನಕಾರವು ಣಕಾರವಾಗುವದೆಂದು ನಾವು ತಿಳಿಸಿದೆವು. ಚುರುಕಾದ ಹುಡುಗನು ಅಂದಿನಿಂದ ಯಾವ ಶಬ್ದವನ್ನು ಕಂಡರೂ ರೇಫವೆಲ್ಲಿದೆಯೆಂದು ಹುಡುಕತೊಡಗಿದನು. ಅವನಿಗೆ ಈ ವ್ಯಾಕರಣದ ಕಣ್ಣನ್ನು ತೆರೆದವರು ನಾವಲ್ಲ, ತಿಳಿಯದೆ ಪ್ರಶ್ನೆ ಕೇಳಿದ ಗೆಳೆಯನು. ಹೇಳಿಕೊಡಲು ಒಪ್ಪದಿದ್ದರೆ ಆ ಪ್ರಶ್ನೆಯು ಅವನ ಹತ್ತಿರ ಬರುತ್ತಲೇ ಇರಲಿಲ್ಲ.

ಇದು ಹೊಸ ಶೋಧವೂ ಅಲ್ಲ, ಪರದೇಶದ ಬುದ್ಧಿಯೂ ಅಲ್ಲ. ೧೮೨೨ರಲ್ಲಿ ಮದ್ರಾಸ ಇಲಾಖೆಯ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋನು ತನ್ನ ಆಡಳಿತದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಹೇಗೆ ನಡೆಯುತ್ತಿವೆಯೆಂಬ ವಿಚಾರಣೆಯನ್ನು ಮಾಡಿಸಿದನು. ಬಳ್ಳಾರಿಯು ಆಗ ಆ ಇಲಾಖೆಗೆ ಸೇರಿತ್ತು. ಅಲ್ಲಿಯ ಕಲೆಕ್ಟರನಾದ ಕ್ಯಾಂಪ್‌ಬೆಲ್ ಎಂಬವನು ೧೮೨೩ರ ಆಗಸ್ಟದಲ್ಲಿ ಉತ್ತರ ಬರೆದನು. ಅವನ ಲೆಕ್ಕದಂತೆ ಜಿಲ್ಲೆಯಲ್ಲಿ ೫೩೩ ಶಾಲೆಗಳು. ಅವುಗಳಲ್ಲಿ ೨೩೫ ಕನ್ನಡದವು. ಅರ್ಥ ತಿಳಿಯದ ಬಾಯಿಪಾಠವು ಬಹಳವೆಂದು ಅವನು ಆಕ್ಷೇಪವನ್ನೂ ಎತ್ತಿರುವನು. ಆದರೆ ಒಂದು ಸಂಗತಿಯನ್ನು ಮಾತ್ರ ಮನಸಾರೆ ಹೊಗಳಿರುವನು: ಮುಂದುವರಿದ ಮಕ್ಕಳು ಹಿಂದಿನವರಿಗೆ ಕಲಿಸುವ ರೂಢಿಯನ್ನು. ಹೀಗೆ ಕಲಿಸುವದರಿಂದ ಕಲಿಸುವವರ ಸ್ವಂತ ಜ್ಞಾನವೂ ಗಟ್ಟಿಯಾಗುವದೆಂದೂ, ಇಂಗ್ಲಂಡವು ಈ ಪದ್ಧತಿಯನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆಂದೂ ಅವನ ಅಭಿಪ್ರಾಯ.

ಇಂಗ್ಲಂಡವು ಅನುಕರಿಸಿದ ಕಥೆಯೂ ಸ್ವಾರಸ್ಯವಾಗಿದೆ. ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ೧೭೮೯ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾದನು. ದೇಶೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವದನ್ನು ಅವನು ಕಂಡನು. ತನ್ನ ಕೈಕೆಳಗಿನ ದೊಡ್ಡ ಶಿಕ್ಷಕರು ಆ ರೀತಿಗೆ ಒಗ್ಗದಿರಲು, ಎಂಟು ವರ್ಷದ ಒಬ್ಬ ಹುಡುಗನನ್ನೇ ಚಿಕ್ಕವರಿಗೆ ಅಕ್ಷರ ಕಲಿಸಲು ನಿಲ್ಲಿಸಿದನು. ಹುಡುಗನು ಗೆದ್ದನು. ೧೭೯೭ರಲ್ಲಿ ಬೆಲ್ಲನು ಈ ಪ್ರಯೋಗವನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕವನ್ನು ಪ್ರಕಟಿಸಲು, ಅಲ್ಲಿ ಅದಕ್ಕೆ ‘ಮದ್ರಾಸ ಪದ್ಧತಿ’ಯೆಂದೇ ಹೆಸರಾಯಿತು. ನಮ್ಮ ಊರುಗಳ ಕೂಲಿಮಠದ ಜಗಲಿಯ ಮೇಲಿನ ಹಳೆಯ ಸಂಗತಿಯು ಹೀಗೆ ಸಮುದ್ರವನ್ನು ದಾಟಿತು.

ಮನೆಯ ವಸ್ತುವು ಮನೆಗೆ ಮರಳಿ ಬಂದದ್ದನ್ನೂ ನಾವು ಕಣ್ಣಾರೆ ಕಂಡಿರುವೆವು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ ಯುನಿಸೆಫ್ ಸಂಸ್ಥೆಯ ನೆರವಿನಿಂದ ‘ನಲಿ-ಕಲಿ’ ಎಂಬ ಪದ್ಧತಿಯು ಆರಂಭವಾಯಿತು. ೨೦೦೯-೧೦ರಲ್ಲಿ ಅದು ರಾಜ್ಯದ ಎಲ್ಲ ಕಡೆಗೂ ಹಬ್ಬಿತು. ನಾವು ಹೈಸ್ಕೂಲಿನವರಾದರೂ ಕುತೂಹಲದಿಂದ ಪಕ್ಕದ ಪ್ರಾಥಮಿಕ ಶಾಲೆಗೆ ಹೋಗಿ ನೋಡಿದೆವು. ಒಂದು, ಎರಡು, ಮೂರನೆಯ ಇಯತ್ತೆಗಳ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗೂಡಿ ಕುಳಿತಿದ್ದರು. ಆ ಗುಂಪುಗಳಿಗೆ ತಟ್ಟೆಗಳೆಂದು ಹೆಸರು, ಒಟ್ಟು ಐದು. ಮೊದಲನೆಯದರಲ್ಲಿ ಶಿಕ್ಷಕರ ಪೂರ್ಣ ಸಹಾಯ, ಎರಡನೆಯದರಲ್ಲಿ ಅವರ ಅರೆಸಹಾಯ, ಮೂರನೆಯದರಲ್ಲಿ ಸಹಪಾಠಿಗಳ ಪೂರ್ಣ ಸಹಾಯ, ನಾಲ್ಕನೆಯದರಲ್ಲಿ ಸಹಪಾಠಿಗಳ ಅರೆಸಹಾಯ, ಐದನೆಯದರಲ್ಲಿ ಸ್ವಂತ ಕಲಿಕೆ. ಗುರು, ಸಬ್ರಹ್ಮಚಾರಿ, ಸ್ವಂತ ಬುದ್ಧಿಗಳೆಂಬ ಮೂರು ಪಾಲುಗಳು ತಟ್ಟೆಯ ರೂಪದಲ್ಲಿ ನಮ್ಮ ಕಣ್ಣಮುಂದೆ ಕುಳಿತಿದ್ದವು. ಐದರಲ್ಲಿ ಎರಡು ತಟ್ಟೆಗಳು ಮಕ್ಕಳ ಪರಸ್ಪರ ಸೌಹಾರ್ದದ ಮೇಲೆಯೇ ನಿಂತಿವೆಯೆಂಬದನ್ನು ಗೃಹಸ್ಥರು ಗಮನಿಸಬೇಕು. ಯಾರಿಗೂ ಹೇಳಬೇಡವೆಂಬ ಉಪದೇಶವನ್ನು ಕೇಳಿ ಬಂದ ಮಗುವು ಅಂಥ ತಟ್ಟೆಯಲ್ಲಿ ಕುಳಿತು ಏನು ಮಾಡಬೇಕು?

ಈಗಿನ ಕಾಲದವರು ಹಳೆಯ ಲೆಕ್ಕಕ್ಕೆ ಹೊಸ ಸಾಕ್ಷಿಯನ್ನು ಕೇಳುವರು. ಕೇಳುವದು ನ್ಯಾಯವೂ ಹೌದು. ಇಟಲಿಯಲ್ಲಿ ರೋಮ ನಗರದ ಸಮೀಪದ ಊರಿನ ೨೯೪ ಮಕ್ಕಳನ್ನು ಕಪ್ರಾರಾ, ಬಂಡೂರಾ, ಜಿಂಬಾರ್ಡೊ ಮೊದಲಾದ ಮನಶ್ಶಾಸ್ತ್ರಜ್ಞರು ಮೂರನೆಯ ಇಯತ್ತೆಯಿಂದ ಎಂಟನೆಯವರೆಗೆ ಪರೀಕ್ಷಿಸಿ, ೨೦೦೦ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಚಿಕ್ಕಂದಿನಲ್ಲಿ ಯಾರು ಹಂಚಿಕೊಳ್ಳುತ್ತಿದ್ದರೋ, ನೆರವಾಗುತ್ತಿದ್ದರೋ, ಅಳುವವರನ್ನು ಸಂತೈಸುತ್ತಿದ್ದರೋ ಅವರು ಐದು ವರ್ಷಗಳ ತರುವಾಯ ಓದಿನಲ್ಲಿಯೂ ಮುಂದಿದ್ದರು. ಮುಖ್ಯವಾದ ಮಾತೆಂದರೆ, ಮೂರನೆಯ ಇಯತ್ತೆಯ ಅಂಕಗಳಿಗಿಂತ ಮೂರನೆಯ ಇಯತ್ತೆಯ ಈ ನಡತೆಯೇ ಮುಂದಿನ ಓದನ್ನು ಹೆಚ್ಚು ಚೆನ್ನಾಗಿ ಸೂಚಿಸಿತು. ೨೦೧೫ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ ಇನ್ನೊಂದು ಅಭ್ಯಾಸದಲ್ಲಿ, ಬಾಲವರ್ಗದ ಶಿಕ್ಷಕರು ಸುಮಾರು ೭೫೦ ಮಕ್ಕಳ ಕೂಡಿಬಾಳುವ ಸ್ವಭಾವವನ್ನು ಅಳೆದಿಟ್ಟಿದ್ದರು. ಆ ಮಕ್ಕಳು ಇಪ್ಪತ್ತೈದು ವರ್ಷದವರಾಗುವವರೆಗೆ ಅವರ ಗತಿಯನ್ನು ನೋಡಲಾಯಿತು. ಆ ಅಳತೆಯಲ್ಲಿ ಮೇಲಿದ್ದವರೇ ಮುಂದೆ ಹೆಚ್ಚಾಗಿ ಪದವಿ ಪಡೆದರು, ಕೆಲಸದಲ್ಲಿಯೂ ನೆಲೆನಿಂತರು.

ಆದರೆ ನಮ್ಮ ನ್ಯಾಯಶಾಸ್ತ್ರವು ಇಲ್ಲಿ ಕೈಹಿಡಿದು ನಿಲ್ಲಿಸುವದು. ಕಾಗೆಯು ಕುಳಿತ ಹೊತ್ತಿಗೆ ತಾಳೆಯ ಹಣ್ಣು ಬಿದ್ದರೆ, ಕಾಗೆಯೇ ಬೀಳಿಸಿತೆಂದು ಹೇಳಬಾರದು. ಒಳ್ಳೆಯ ಮನೆಯೊಂದರಿಂದಲೇ ಮಗುವಿಗೆ ಸೌಜನ್ಯವೂ ಓದೂ ಒಟ್ಟಿಗೆ ಬಂದಿರಬಹುದಲ್ಲವೆ? ಎರಡು ಸಂಗತಿಗಳು ಜೊತೆಯಾಗಿ ಕಂಡರೆ ಅದು ಅನ್ವಯ. ಕಾರಣವನ್ನು ಸಾಧಿಸಬೇಕಾದರೆ ವ್ಯತಿರೇಕವೂ ಬೇಕು, ಎಂದರೆ ಒಂದನ್ನು ಕೊಟ್ಟ ಕಡೆ ಮತ್ತು ಕೊಡದ ಕಡೆ ಏನಾಯಿತೆಂದು ನೋಡಬೇಕು. ಅದನ್ನೂ ನೋಡಿದವರಿದ್ದಾರೆ. ತನ್ನ ಸಿಟ್ಟನ್ನು ತಡೆಯುವದು, ಪರರ ದುಃಖವನ್ನು ಅರಿಯುವದು, ಕೂಡಿ ಕೆಲಸ ಮಾಡುವದು ಇವುಗಳನ್ನು ಶಾಲೆಯಲ್ಲಿ ಕ್ರಮವಾಗಿ ಕಲಿಸಿದ ೨೧೩ ಕಾರ್ಯಕ್ರಮಗಳ ಫಲಿತಾಂಶಗಳನ್ನು ಡರ್ಲಾಕ್ ಮತ್ತು ಅವರ ಸಂಗಡಿಗರು ಕೂಡಿಸಿ ೨೦೧೧ರಲ್ಲಿ ಪ್ರಕಟಿಸಿದರು. ಅವುಗಳಲ್ಲಿದ್ದ ವಿದ್ಯಾರ್ಥಿಗಳು ೨,೭೦,೦೦೦ಕ್ಕೂ ಹೆಚ್ಚು. ಕಲಿಸಿದ ಮಕ್ಕಳನ್ನು ಕಲಿಸದ ಮಕ್ಕಳೊಡನೆ ಹೋಲಿಸಲು, ನೂರು ಜನರ ಸಾಲಿನ ನಡುವೆ ನಿಂತ ಸಾಧಾರಣ ಹುಡುಗನು ಓದಿನಲ್ಲಿ ಸುಮಾರು ಹನ್ನೊಂದು ಸ್ಥಾನ ಮುಂದೆ ಸರಿದಂತಾಯಿತು. ಈ ಕೆಲಸಕ್ಕೆ ಕಳೆದ ವೇಳೆಯು ಓದಿಗೆ ನಷ್ಟವಾಗಲಿಲ್ಲ, ಲಾಭವೇ ಆಯಿತು.

ಏಕೆ ಹೀಗಾಗುವದೆಂಬದಕ್ಕೆ ನಮ್ಮ ಅನುಭವದಲ್ಲಿ ಮೂರು ಕಾರಣಗಳುಂಟು. ಹೇಳಿಕೊಡುವವನಿಗೆ ತನ್ನ ಅಜ್ಞಾನದ ತೂತುಗಳು ಕಾಣುವವು. ಇದನ್ನು ಮೇಲೆ ಹೇಳಿದೆವು. ಎರಡನೆಯದಾಗಿ, ಪರಸ್ಪರ ಹಾಸ್ಯ ಮಾಡದ ವರ್ಗದಲ್ಲಿ ಮಕ್ಕಳು ತಿಳಿಯದ್ದನ್ನು ನಾಚದೆ ಕೇಳುವರು. ಕೇಳದೆ ಉಳಿದ ಒಂದು ಸಣ್ಣ ಸಂಶಯವು ಹಂಚಿನ ಮನೆಯ ಸೋರಿಕೆಯಂತೆ. ಒಂದು ಮಳೆಗಾಲದಲ್ಲಿ ಅಲಕ್ಷ್ಯ ಮಾಡಿದರೆ ಮುಂದಿನದರಲ್ಲಿ ತೊಲೆಯೇ ಕೊಳೆಯುವದು. ಭಿನ್ನರಾಶಿಯನ್ನು ಐದನೆಯ ಇಯತ್ತೆಯಲ್ಲಿ ಕೇಳಲು ನಾಚಿದವನು ಹತ್ತನೆಯ ಇಯತ್ತೆಯಲ್ಲಿ ಬೀಜಗಣಿತಕ್ಕೆ ಹೆದರಿ ಓಡುವನು. ಮೂರನೆಯದಾಗಿ, ಸ್ನೇಹಿತರಿರುವ ಮಗುವು ಶಾಲೆಗೆ ತಪ್ಪದೆ ಬರುವದು. ಹಾಜರಿ ಪುಸ್ತಕವನ್ನು ನೋಡಿಯೇ ನಾವು ಎಷ್ಟೋ ಸಾರಿ ಯಾರಿಗೆ ಗೆಳೆಯರಿಲ್ಲವೆಂಬದನ್ನು ಕಂಡುಕೊಂಡಿರುವೆವು.

೨೦೧೯ರ ಆಗಸ್ಟದಲ್ಲಿ ಕೃಷ್ಣೆಯು ಉಕ್ಕಿ ಹರಿದದ್ದು ನಮ್ಮ ಸೀಮೆಯವರಿಗೆ ಮರೆಯುವಂಥದಲ್ಲ. ಹೊಳೆದಂಡೆಯ ಹಳ್ಳಿಗಳ ಜನರು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ಮಕ್ಕಳ ದಫ್ತರಗಳು ನೀರುಪಾಲಾದವು. ಪುಸ್ತಕಗಳು ಮರಳಿ ಸಿಕ್ಕಬಹುದು, ಆದರೆ ಎರಡು ತಿಂಗಳು ಬರೆದ ವಹಿಗಳು ಎಲ್ಲಿ ಸಿಕ್ಕಾವು? ನಮ್ಮ ಹತ್ತನೆಯ ಇಯತ್ತೆಯ ಮಕ್ಕಳಿಗೆ ನಾವು ಪಾಠಗಳನ್ನು ಹಂಚಿಕೊಟ್ಟು, ಒಬ್ಬೊಬ್ಬರು ಒಂದೊಂದನ್ನು ನೆರೆಪೀಡಿತರಾದ ಸಹಪಾಠಿಗಳಿಗಾಗಿ ಬರೆದು ತರಬೇಕೆಂದೆವು. ಮಕ್ಕಳು ಬರೆದು ತಂದರು. ಬರಿಯ ನಕಲು ಮಾಡಿ ತಂದವರು ಕೆಲವರು. ಗೆಳೆಯನು ತಾನೊಬ್ಬನೇ ಕುಳಿತು ಓದಬೇಕಲ್ಲವೆಂದು ನೆನೆದು, ಕಠಿಣವಾದ ಕಡೆ ತಮ್ಮ ಮಾತಿನಲ್ಲಿ ಎರಡು ಸಾಲು ಸೇರಿಸಿದವರು ಹಲವರು. ಆ ಎರಡು ಸಾಲು ಬರೆಯಲು ಪಾಠವು ತಿಳಿದಿರಬೇಕಾಗುವದು. ಮುಂದೆ ಮಹಾಮಾರಿಯ ದೆಸೆಯಿಂದ ಆ ವರ್ಷದ ಪರೀಕ್ಷೆಯು ೨೦೨೦ರ ಜೂನ ಕೊನೆಗೆ ಹೋದಾಗ, ಶಾಲೆ ಮುಚ್ಚಿದ ಆ ತಿಂಗಳುಗಳಲ್ಲಿ ಫೋನಿದ್ದ ಮನೆಯ ಮಕ್ಕಳು ಫೋನಿಲ್ಲದವರಿಗೆ ಪಾಠ ಮುಟ್ಟಿಸಿದ್ದು ಅದೇ ರೂಢಿಯಿಂದ. ನಾವು ಆಗ ಅದನ್ನು ಹೇಳಿಕೊಟ್ಟಿರಲಿಲ್ಲ, ರೂಢಿಯು ಬಿದ್ದುಹೋಗಿತ್ತು.

ಇಷ್ಟು ಹೇಳಿದ ಮೇಲೆ ಸಹಾಯವೆಂದರೇನೆಂಬದನ್ನು ಸ್ಪಷ್ಟಪಡಿಸದೆ ಬಿಡಬಾರದು. ಆ ಶಬ್ದವನ್ನು ಬಿಡಿಸಿದರೆ ‘ಸಹ’ ಎಂದರೆ ಒಡನೆ, ‘ಅಯ’ ಎಂದರೆ ನಡೆಯುವದು. ಒಡನೆ ನಡೆಯುವವನೇ ಸಹಾಯನು, ಹೊತ್ತುಕೊಂಡು ಹೋಗುವವನಲ್ಲ. ಪರೀಕ್ಷೆಯ ಕೋಣೆಯಲ್ಲಿ ಉತ್ತರದ ಹಾಳೆಯನ್ನು ಓರೆಯಾಗಿ ಹಿಡಿದು ತೋರಿಸುವ ಹುಡುಗನು ದಯಾಳುವಲ್ಲ. ಗೆಳೆಯನ ಕಾಲನ್ನು ಕಟ್ಟಿ ಹೆಗಲ ಮೇಲೆ ಹೊತ್ತಂತೆ ಅವನ ಕೆಲಸ. ಹೆಗಲಿಂದ ಇಳಿಸಿದ ದಿನ ಗೆಳೆಯನು ಬೀಳುವನು. ಮನೆಯಲ್ಲಿ ಕೊಟ್ಟ ಲೆಕ್ಕವನ್ನು ಬರೆದು ಕೊಡುವದೂ ಅಂಥದೇ. ಮೊದಲನೆಯ ಹೆಜ್ಜೆಯನ್ನು ತೋರಿಸಿ, ಎರಡನೆಯದನ್ನು ಅವನಿಂದಲೇ ಇಡಿಸಿ, ಮೂರನೆಯದಕ್ಕೆ ಕಾದು ನಿಲ್ಲುವದು ಸಹಾಯ. ಇದಕ್ಕೆ ತಾಳ್ಮೆ ಬೇಕು. ಮಕ್ಕಳಿಗೆ ಈ ಭೇದವನ್ನು ಹೇಳಿಕೊಟ್ಟರೆ ಬೇಗನೆ ತಿಳಿದುಕೊಳ್ಳುವರೆಂಬದು ನಮ್ಮ ಅನುಭವ.

ಇನ್ನು ಈ ವಿಷಯದ ಅತ್ಯಂತ ನೋವಿನ ಭಾಗಕ್ಕೆ ಬರುವೆವು. ಕೆಲವು ವರ್ಷಗಳ ಹಿಂದೆ ನಮ್ಮ ಎಂಟನೆಯ ಇಯತ್ತೆಗೆ ಮಿರಜೆಯ ಕಡೆಯಿಂದ ಒಬ್ಬ ಹುಡುಗಿಯು ಬಂದು ಸೇರಿದಳು. ಏಳನೆಯವರೆಗೆ ಮರಾಠಿಯಲ್ಲಿ ಓದಿದವಳು. ಕನ್ನಡದಲ್ಲಿ ಮಾತು ಬರುತ್ತಿತ್ತು, ಪಾಠವು ಹತ್ತುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತ ನಮ್ಮೂರಿನ ಒಕ್ಕಲಿಗರ ಮನೆಯ ಹುಡುಗಿಯು ಪ್ರತಿದಿನ ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ತಾಸು ಕುಳಿತು, ಎರಡು ಭಾಷೆಗಳನ್ನೂ ಬೆರೆಸಿ ಅವಳಿಗೆ ವಿಜ್ಞಾನವನ್ನು ಹೇಳಿಕೊಡುತ್ತಿದ್ದಳು. ತಿಂಗಳಾಗುವಷ್ಟರಲ್ಲಿ ಈ ಹುಡುಗಿಯ ತಂದೆಯು ನಮ್ಮ ಬಳಿಗೆ ಬಂದನು.

“ಮಾಸ್ತರ್ರ, ನಮ್ಮ ಹುಡುಗಿ ತಂದ ಓದೂದು ಬಿಟ್ಟು ಮಂದಿ ಮಕ್ಕಳಿಗಿ ಕಲಿಸ್ಕೋತ ಕುಂದರತಾಳಂತ್ರಿ. ಅದರಾಗ ಆಕಿಗೇನ ಸಿಗತೈತ್ರಿ?” ಎಂದು ಕೇಳಿದನು.

ನಾವು ಹುಡುಗಿಯನ್ನು ಕರೆದು, ಹಿಂದಿನ ದಿನದ ಪಾಠವನ್ನು ತಂದೆಯ ಮುಂದೆಯೇ ಹೇಳೆಂದೆವು. ಬೇರು ನೀರನ್ನು ಹೇಗೆ ಹೀರುವದು, ಅದು ಎಲೆಯವರೆಗೆ ಹೇಗೆ ಏರುವದು ಎಂಬದನ್ನು ಅವಳು ತನ್ನ ಮನೆಯ ಕಬ್ಬಿನ ಉದಾಹರಣೆಯಿಂದ ಹೇಳಿದಳು. ಪುಸ್ತಕದಲ್ಲಿ ಕಬ್ಬಿನ ಮಾತಿರಲಿಲ್ಲ. ಗೆಳತಿಗೆ ತಿಳಿಸಲು ಅವಳೇ ಹುಡುಕಿಕೊಂಡದ್ದು. ಜೀವಮಾನವಿಡೀ ಕಬ್ಬು ಬೆಳೆದ ತಂದೆಯು ಮಗಳ ಮುಖವನ್ನು ನೋಡುತ್ತ ಕುಳಿತನು. ಮತ್ತೆ ಆ ಮಾತನ್ನು ಎತ್ತಲಿಲ್ಲ.

ಮರುವರ್ಷ ಇದೇ ಹುಡುಗಿಯು ಒಮ್ಮೆಲೆ ಶಾಲೆಗೆ ಬರುವದನ್ನು ನಿಲ್ಲಿಸಿದಳು. ಒಂದು ವಾರ, ಎರಡು ವಾರ, ಐದು ವಾರಗಳಾದವು. ನಾವು ಮನೆಗೆ ಹೋಗಿ ನೋಡಲಾಗಿ, ಹಿರಿಯ ಅಣ್ಣನ ಹೆಂಡತಿಯು ಹಡೆದಿದ್ದಳು. ನೀರು, ಬಟ್ಟೆ, ಕೂಸು, ಅಡಿಗೆಗಳಿಗೆ ಹುಡುಗಿಯೇ ಆಸರೆಯಾಗಿದ್ದಳು. ಅವಳಿಗಿಂತ ಎರಡು ವರ್ಷ ದೊಡ್ಡವನಾದ ಇನ್ನೊಬ್ಬ ಅಣ್ಣನು ತಪ್ಪದೆ ಕಾಲೇಜಿಗೆ ಹೋಗುತ್ತಿದ್ದನು. “ಆಕಿ ಭಾಳ ಸಾಧು ಐದಾಳ್ರಿ, ಹೇಳಿದ ಮಾತ ಮೀರೂದಿಲ್ಲ” ಎಂದು ತಂದೆಯು ಅಭಿಮಾನದಿಂದಲೇ ಹೇಳಿದನು.

ನಾವು ಅವನೆದುರಿಗೆ ಒಂದು ಲೆಕ್ಕವನ್ನಿಟ್ಟೆವು. ಗೆಳತಿಗೆ ದಿನಕ್ಕೆ ಅರ್ಧ ತಾಸಿನಂತೆ ಮೂವತ್ತು ದಿನ ಕಲಿಸಿದರೆ ಹದಿನೈದು ತಾಸು. ಐದು ವಾರ, ವಾರಕ್ಕೆ ಆರು ದಿನ, ದಿನಕ್ಕೆ ಸರಾಸರಿ ಆರು ತಾಸಿನಂತೆ ಶಾಲೆ ತಪ್ಪಿದರೆ ನೂರಾಎಂಬತ್ತು ತಾಸು. “ಹದಿನೈದು ತಾಸಿನ ಲೆಕ್ಕ ಕೇಳಲು ನೀವು ನಮ್ಮಲ್ಲಿಗೆ ಬಂದಿದ್ದಿರಿ. ಈ ನೂರಾಎಂಬತ್ತು ತಾಸಿನ ಲೆಕ್ಕವನ್ನು ಕೇಳಲು ನಾವು ಬಂದಿದ್ದೇವೆ” ಎಂದೆವು. ತಂದೆಯು ಮಾತಾಡಲಿಲ್ಲ. ಒಳಗಿನಿಂದ ಅಜ್ಜಿಯು, “ಮಾಸ್ತರು ಅನ್ನೂದು ಖರೇ ಐತಿ. ನೀರ ತರೂದು, ಕೂಸ ಆಡಸೂದು ಗಂಡ ಹುಡುಗಗೂ ಬರತೈತಿ” ಎಂದಳು. ಸೋಮವಾರ ಹುಡುಗಿಯು ಶಾಲೆಗೆ ಬಂದಳು. ಬಿಡುವಿನ ವೇಳೆಯಲ್ಲಿ ಈಗ ಮಿರಜೆಯ ಕಡೆಯ ಗೆಳತಿಯು ಹೇಳುತ್ತಿದ್ದಳು, ಇವಳು ಕೇಳುತ್ತಿದ್ದಳು, ಅದೂ ಕನ್ನಡದಲ್ಲಿ. ಹತ್ತನೆಯ ಇಯತ್ತೆಯನ್ನು ಇಬ್ಬರೂ ಪಾಸ ಮಾಡಿದರು. ಮೊದಲನೆಯ ನಂಬರು ಇಬ್ಬರಲ್ಲಿ ಯಾರಿಗೂ ಬರಲಿಲ್ಲ. ಓದು ಮಾತ್ರ ಇಬ್ಬರದೂ ನಿಲ್ಲಲಿಲ್ಲ.

ಉಪಕಾರಬುದ್ಧಿಯುಳ್ಳ ಮಗುವು ಹಿಂದೆ ಬೀಳುವದೆಂಬ ಮಾತಿನಲ್ಲಿ ಏನಾದರೂ ಸತ್ಯವಿದ್ದರೆ ಅದು ಇಷ್ಟೇ. ಹಿಂದೆ ಬೀಳಿಸುವದು ಅವಳ ದಯೆಯಲ್ಲ. ಅವಳೊಬ್ಬಳ ದಯೆಯ ಮೇಲೆಯೇ ಮನೆಯವರೆಲ್ಲರೂ ಭಾರ ಹಾಕುವದು. ಬಳ್ಳಾರಿಯ ೧೮೨೩ರ ಲೆಕ್ಕದಲ್ಲಿ ಒಟ್ಟು ೬,೬೪೧ ವಿದ್ಯಾರ್ಥಿಗಳಿರಲು, ಅವರಲ್ಲಿ ಹಿಂದೂ ಹೆಣ್ಣುಮಕ್ಕಳು ಕೇವಲ ೬೦. ಉಳಿದ ಹೆಣ್ಣುಮಕ್ಕಳು ಆಗ ಏನು ಮಾಡುತ್ತಿದ್ದರೆಂದು ಊಹಿಸುವದು ಕಠಿಣವಲ್ಲ. ಮನೆಯಲ್ಲಿ ಯಾರಿಗೋ ನೆರವಾಗುತ್ತಿದ್ದರು. ಇಂದು ಹೆಣ್ಣುಮಕ್ಕಳು ಶಾಲೆಯನ್ನು ತುಂಬಿರುವರು. ಆದರೂ ಮನೆಯಲ್ಲಿ ಬೇನೆ, ಬಾಣಂತನ, ಸುಗ್ಗಿಗಳು ಬಂದಾಗ ಮೊದಲು ನಿಲ್ಲುವ ದಫ್ತರವು ಯಾರದೆಂಬದನ್ನು ಪ್ರತಿಯೊಬ್ಬ ಗೃಹಸ್ಥನು ತನ್ನ ಮನೆಯಲ್ಲಿಯೇ ನೋಡಿಕೊಳ್ಳಬಹುದು. ಮಗನಿಗೂ ನೆರವಾಗಲು ಕಲಿಸಿದರೆ ಮಗಳ ಶಾಲೆಯು ಉಳಿಯುವದು. ಮಗನಿಗೂ ಒಂದು ವಿದ್ಯೆಯು ಲಭಿಸುವದು.

ಹಾಗಾದರೆ ಗೃಹಸ್ಥರು ಮಾಡಬೇಕಾದದ್ದೇನು? ಹೆಚ್ಚಿನ ಖರ್ಚಿನ ಸಂಗತಿ ಯಾವುದೂ ಇಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಎಷ್ಟು ಅಂಕ ಬಂದವೆಂದು ಕೇಳುವದರ ಜೊತೆಗೆ, ಇಂದು ಯಾರಿಗೆ ಏನನ್ನು ಹೇಳಿಕೊಟ್ಟೆ, ಯಾರ ಹತ್ತಿರ ಏನನ್ನು ಕೇಳಿಕೊಂಡೆಯೆಂದು ಕೇಳಿರಿ. ಎರಡನೆಯ ಪ್ರಶ್ನೆಯು ಮೊದಲನೆಯದಕ್ಕಿಂತಲೂ ಮುಖ್ಯವಾದದ್ದು. ಯಾಕಂದರೆ ಕೊಡುವದರಲ್ಲಿ ಅಭಿಮಾನವಿದೆ, ಕೇಳಿಕೊಳ್ಳುವದರಲ್ಲಿ ವಿನಯವಿದೆ, ವಿದ್ಯೆಗೆ ಎರಡೂ ಬೇಕು. ನೆರೆಮನೆಯ ಮಗುವಿನ ಅಂಕಗಳನ್ನು ನಿಮ್ಮ ಮಗುವಿನ ಮುಂದೆ ಎಣಿಸಬೇಡಿರಿ. ಎಣಿಸಿದರೆ ನಾಳೆ ಆ ಮಗುವು ಇವನ ಕಣ್ಣಿಗೆ ಸಹಪಾಠಿಯಾಗಿ ಕಾಣದೆ ವೈರಿಯಾಗಿ ಕಾಣುವದು. ವಹಿಯನ್ನು ಕೇಳಲು ಬಂದ ಮಗುವನ್ನು ಬಾಗಿಲಲ್ಲಿ ನಿಲ್ಲಿಸಬೇಡಿರಿ. ಒಳಗೆ ಕರೆದು ಚಾಪೆ ಹಾಸಿ ಕೂಡಿಸಿರಿ. ಮತ್ತು ದೊಡ್ಡವರಾದ ನಾವು ಹೊಲದ ಬದುವಿಗಾಗಿ, ನೀರಿನ ಪಾಳಿಗಾಗಿ ನೆರೆಯವರೊಡನೆ ಹೇಗೆ ಮಾತಾಡುವೆವೆಂಬದನ್ನು ಮಕ್ಕಳು ಕೇಳುತ್ತಿರುವರೆಂದು ನೆನಪಿಡಿರಿ.

ಒಂದು ಎಚ್ಚರಿಕೆಯ ಮಾತು. ದಯೆಯಿಂದ ಅಂಕ ಬರುವವೆಂದು ಮಕ್ಕಳಿಗೆ ಹೇಳಬೇಡಿರಿ. ಹೇಳಿದರೆ ಅವರು ಅದನ್ನು ವ್ಯಾಪಾರಕ್ಕೆ ಹಚ್ಚುವರು. ಅಂಕ ಬಾರದ ದಿನ ಅಂಗಡಿಯನ್ನು ಮುಚ್ಚುವರು. ಕೆಲವು ಒಳ್ಳೆಯ ಮಕ್ಕಳಿಗೆ ಅಂಕಗಳು ಕಡಿಮೆಯೇ ಬರುವವು. ಅಂಥವರನ್ನೂ ನಾವು ಕಲಿಸಿರುವೆವು, ಅವರ ಮೇಲಿನ ನಮ್ಮ ಪ್ರೀತಿಯು ಕಡಿಮೆಯಾಗಿಲ್ಲ. ದಯೆಯು ತನ್ನ ಬೆಲೆಯಿಂದಲೇ ಬೆಲೆಯುಳ್ಳದ್ದು. ಅದರಿಂದ ಓದಿಗೆ ಹಾನಿಯಿಲ್ಲ, ಹೆಚ್ಚಾಗಿ ಲಾಭವೇ ಇದೆಯೆಂಬ ಮಾತು ತಂದೆತಾಯಿಗಳ ಭಯವನ್ನು ಕಳೆಯುವದಕ್ಕಾಗಿ ಮಾತ್ರ.

ವಿದ್ಯೆಯ ನಾಲ್ಕು ಪಾಲುಗಳನ್ನು ಮತ್ತೊಮ್ಮೆ ಎಣಿಸಿ ನೋಡಿರಿ. ಗುರುವನ್ನು ಆರಿಸುವದು ನಮ್ಮ ಕೈಯಲ್ಲಿಲ್ಲ. ಬದಲಿಯ ಹುಕುಮಿನೊಡನೆ ಅವನು ಬರುವನು, ಹೋಗುವನು. ಬುದ್ಧಿಯು ಹುಟ್ಟಿನೊಡನೆ ಬಂದಷ್ಟು. ಕಾಲವು ಯಾರ ಮಾತನ್ನೂ ಕೇಳುವದಿಲ್ಲ. ಸಹಪಾಠಿಯ ಪಾಲೊಂದೇ ತಂದೆತಾಯಿಗಳು ತಮ್ಮ ಮಾತಿನಿಂದ ಹೆಚ್ಚಿಸಬಹುದಾದದ್ದು, ಇಲ್ಲವೆ ಕಳೆಯಬಹುದಾದದ್ದು. ಈ ಜೂನದಲ್ಲಿ ವಹಿ ದಫ್ತರಗಳನ್ನು ಕೊಡಿಸುವಾಗ ಆ ಮೂರನೆಯ ಉಪದೇಶವನ್ನು ನಮ್ಮ ಗೃಹಸ್ಥರು ನುಂಗಿಕೊಂಡರೆ, ಆ ಕಾಲು ಪಾಲು ಮಕ್ಕಳಿಗೆ ಉಳಿಯುವದು.